ಸರ್ವೇಯರ್ ಸಾಹೇಬರ ಒಂದು ಸುತ್ತು

ಕೊಪ್ಪಳದ ಬಸ್‌ಸ್ಟ್ಯಾಂಡಿನ ಎದುರಿಗೆ, ಹುಬ್ಬಳ್ಳಿಯಲ್ಲಿ ತೀರಿಕೊಂಡ ಅವರ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದಾರೆ. ಫೋಟೋದಲ್ಲಿ ಅವರು ನಗುತ್ತಿದ್ದಾರೆ. ಆ ನಗುವನ್ನು ಎಲ್ಲಿಂದ ಹುಡುಕಿ ತಂದರೋ ಗೊತ್ತಿಲ್ಲ. ವರ್ಷಗಟ್ಟಲೆ ಪ್ರತಿ ಭಾನುವಾರ ಅವರ ಎದುರು ಬೆಂಚಿನಲ್ಲಿ ಕೂತ ನಾನು ಅದನ್ನು ಕಂಡವನಲ್ಲ. ಅವರು ನಗಿಸುತ್ತಿದ್ದರು, ನಗುತ್ತಿರಲಿಲ್ಲ. ಫೋಟೋದ ಕೆಳಗೆ 'ಮೃದುಭಾಷಿ, ಸ್ನೇಹಜೀವಿ' ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದಾರೆ. ಹಾಕಿಸಿದವರು ಅವರನ್ನು ಒಮ್ಮೆಯೂ ಭೇಟಿಯಾಗಿರಲಿಕ್ಕಿಲ್ಲ, ಇಲ್ಲವೇ ಭೇಟಿಯಾಗಿ ಈಗ ಸೇಡು ತೀರಿಸಿಕೊಂಡಿರಬೇಕು.

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ಅವರು ಆ ನಿಯಮವನ್ನು ಯಾವತ್ತೂ ಪಾಲಿಸಲಿಲ್ಲ, ನಾನೂ ಪಾಲಿಸುವುದಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಸರ್ವೇಯರ್ ಸಾಹೇಬರು ಅಂದರೆ ಸಾಕು, ಇಲ್ಲಿನವರಿಗೆ ಗೊತ್ತಾಗುತ್ತದೆ. ಹೊಲ ಅಳೆಯುವ ಸರ್ವೇಯರ್ ಅಲ್ಲ. ಅಪಘಾತವಾದ ಗಾಡಿಗಳನ್ನು ನೋಡಿ, ಎಲ್ಲಿ ಎಷ್ಟು ಪೆಟ್ಟಾಗಿದೆ ಎಂದು ವಿಮೆಯವರಿಗೆ ವರದಿ ಕೊಡುವ ಸರ್ವೇಯರ್. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ತಾಲೂಕಿನ ಮುರಿದ ಗಾಡಿಗಳೆಲ್ಲ ಅವರ ಕೈಮೇಲೆ ಹಾದುಹೋದವು. ಜೀವಮಾನವಿಡೀ ತಪ್ಪು ಹುಡುಕುವುದಕ್ಕೇ ಸಂಬಳ ಪಡೆದ ಮನುಷ್ಯ ನಿವೃತ್ತನಾದ ಮೇಲೆ ಏನು ಮಾಡುತ್ತಾನೆ? ಸಂಬಳವಿಲ್ಲದೆ ಅದನ್ನೇ ಮಾಡುತ್ತಾನೆ.

ಅವರು ಗಾಡಿ ನೋಡುವುದಕ್ಕೆ ಒಂದು ಕ್ರಮವಿತ್ತು. ಎಡಗಡೆಯ ಮುಂದಿನ ದೀಪದ ಹತ್ತಿರ ಶುರು, ಹಿಂದಿನಿಂದ ಸುತ್ತಿಕೊಂಡು ಬಂದು ಬಲಗಡೆಯ ದೀಪದ ಹತ್ತಿರ ಮುಕ್ತಾಯ. ಬಾಗಿಲಿನ ಸಂದಿಗಳಲ್ಲಿ ತೋರುಬೆರಳು ಓಡಿಸುತ್ತಿದ್ದರು. ಅಲ್ಲಲ್ಲಿ ಬೆರಳಿನ ಗಂಟಿನಿಂದ ತಗಡನ್ನು ಬಡಿದು ಕಿವಿಗೊಡುತ್ತಿದ್ದರು. ತಗ್ಗು ಮುಚ್ಚಲು ಪುಟ್ಟಿ ತುಂಬಿದ ಕಡೆ ಸದ್ದು ಬೇರೆ ಬರುತ್ತದೆ. ಸುತ್ತು ಮುಗಿಯುವ ತನಕ ಬಾಯಿ ಬಿಡುತ್ತಿರಲಿಲ್ಲ. ಮುಗಿದ ಮೇಲೆ ಒಂದೇ ಮಾತು. ಅದನ್ನು ತಿದ್ದುತ್ತಿರಲಿಲ್ಲ, ವಾಪಸು ತೆಗೆದುಕೊಳ್ಳುತ್ತಿರಲಿಲ್ಲ.

ನೌಕರಿಯಲ್ಲಿದ್ದಾಗಿನ ಒಂದು ಪ್ರಸಂಗವನ್ನು ಅವರೇ ಹೇಳುತ್ತಿದ್ದರು, ಅದೂ ಹೆಮ್ಮೆಯಿಂದ. ಕುಷ್ಟಗಿ ಹತ್ತಿರ ಹೆದ್ದಾರಿಯಲ್ಲಿ ಒಂದು ಕಾರು ಲಾರಿಯ ಕೆಳಗೆ ಸಿಕ್ಕು ನಜ್ಜುಗುಜ್ಜಾಗಿತ್ತು. ಓಡಿಸುತ್ತಿದ್ದ ಹುಡುಗ ಅಲ್ಲೇ ತೀರಿಕೊಂಡಿದ್ದ. ಠಾಣೆಯ ಅಂಗಳದಲ್ಲಿ ಆ ಗಾಡಿಯ ಪಕ್ಕ ನಿಂತು ಅವನ ಅಣ್ಣ ಅಳುತ್ತಿದ್ದ. ಸಾಹೇಬರು ತಮ್ಮ ಸುತ್ತು ಮುಗಿಸಿ ಅವನ ಬಳಿ ಹೋಗಿ, "ಹಿಂದಿನ ಬಂಪರ್ ಹಳೇ ಪೆಟ್ಟ್ರಿ. ನಿಮ್ಮ ತಮ್ಮ ಬದುಕಿದ್ದಾಗನ ಎಲ್ಲೋ ಬಡಿಸ್ಕೊಂಡಾನ. ಅದನ್ನ ಇದರಾಗ ಸೇರಿಸಬ್ಯಾಡ್ರಿ" ಅಂದರಂತೆ.

"ಅಂವ ಅಳಾಕ ಹತ್ತಿದ್ದ ಅಂತೀರಿ, ಸ್ವಲ್ಪ ತಡದು ಹೇಳಬೇಕಿತ್ತಲ್ರಿ" ಎಂದೆ ನಾನು.

"ಅತ್ತರ ಬಂಪರ್ ಹೊಸಾದಾಗ್ತದೇನ್ರಿ ಮಾಸ್ತರ?" ಅಂದರು.

ಇಂಥವರ ಜೊತೆ ನಾವು ಯಾಕೆ ಕೂರುತ್ತಿದ್ದೆವು ಎಂದು ನೀವು ಕೇಳಬಹುದು. ನಾವು ಗಾಡಿಯ ಹುಚ್ಚಿನವರು. ಗಿಣಿಗೇರಾ ದಾಟಿದ ಮೇಲೆ ಹೆದ್ದಾರಿಯ ಬದಿಗೆ ಒಂದು ಹೋಟೆಲಿದೆ. ಅಲ್ಲಿ ಫ್ಯಾಕ್ಟರಿಗಳ ಕರಿ ಧೂಳು ಒಂದು ಚಹಾ ಮುಗಿಯುವುದರೊಳಗೆ ಬಿಳಿ ಗಾಡಿಯನ್ನು ಬೂದಿ ಬಣ್ಣಕ್ಕೆ ತರುತ್ತದೆ. ಗಾಡಿ ಪ್ರೀತಿಸುವವರು ಅಂಥ ಜಾಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇಷ್ಟೇ: ಮಂಡಕ್ಕಿಯ ಒಗ್ಗರಣಿ, ಮಿರ್ಚಿ ಬಜ್ಜಿ ರುಚಿಯಾಗಿರುತ್ತವೆ, ಗಾಡಿ ನಿಲ್ಲಿಸಲು ಜಾಗ ಅಗಲವಾಗಿದೆ, ಹೆಂಡಂದಿರು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಹಲವರು ಬಂದುಹೋಗುತ್ತಿದ್ದರು. ಒಂದು ವಾರವೂ ತಪ್ಪಿಸದವರು ನಾಲ್ಕು ಮಂದಿ. ಸಾಹೇಬರು, ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ಬಸಣ್ಣ, ಕೊಪ್ಪಳದಲ್ಲಿ ಗಾಡಿಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ಇಟ್ಟಿರುವ ಖಾಜಾ, ಮತ್ತು ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು.

ನಮ್ಮಲ್ಲೊಂದು ಪದ್ಧತಿ ಬೆಳೆದುಬಿಟ್ಟಿತ್ತು. ಯಾರು ಹೊಸ ಗಾಡಿ ತೆಗೆದುಕೊಂಡರೂ ಹುಲಿಗಿಯ ದೇವಿಯ ಗುಡಿಗೆ ಹೋಗಿ ಪೂಜೆ ಮಾಡಿಸಿ, ಚಕ್ರದ ಕೆಳಗಿನ ನಿಂಬೆಹಣ್ಣು ಒಡೆದ ಮೇಲೆ, ಹಾರ ಹಾಕಿದ ಗಾಡಿಯನ್ನು ಸೀದಾ ಆ ಹೋಟೆಲಿಗೆ ತರಬೇಕು. ಚಾವಿಯನ್ನು ಸಾಹೇಬರ ಕೈಗೆ ಕೊಡಬೇಕು. ಅವರು ಒಂದು ಸುತ್ತು ಹಾಕಿ ಒಂದು ಮಾತು ಹೇಳಬೇಕು. ಆ ಮಾತು ಗಾಡಿಗೆ ಅಂಟಿಕೊಂಡು ಅದರ ಹೆಸರಾಗುತ್ತಿತ್ತು. ದೇವಿ ಹರಸಿದ್ದನ್ನು ಸಾಹೇಬರು ಶಪಿಸುವವರೆಗೆ ಗಾಡಿ ಪೂರ್ತಿ ನಮ್ಮದಾದಂತೆ ಅನ್ನಿಸುತ್ತಿರಲಿಲ್ಲ.

ಬಸಣ್ಣ ದೊಡ್ಡ ಗಾಡಿ ತಂದಾಗ, "ಒಳಗ ಜಾಗಾ ಭಾಳ ಐತಿ. ನೆಲ್ಲು ಒಟ್ಟಬಹುದು" ಅಂದರು. ಅಂದಿನಿಂದ ಅದು ಗೋಡೌನು. ಬಸಣ್ಣ ಸಾಣಾಪುರದ ಕೆರೆಯ ದಂಡೆಯಲ್ಲಿ ನಿಲ್ಲಿಸಿ ಫೋಟೋ ತೆಗೆಸಿ ಎಲ್ಲರ ಫೋನಿಗೆ ಕಳಿಸಿದರೆ, "ಗೋಡೌನಿಗೆ ನೀರು ಹೊಕ್ಕೀತು, ಜ್ವಾಕಿ" ಎಂದು ಉತ್ತರ ಬರೆದರು. ಖಾಜಾ ಯಾರೋ ಓಡಿಸಿದ ಗಾಡಿಯನ್ನು ಕೊಂಡು ಬಣ್ಣ ಹೊಡೆಸಿ ತಂದಾಗ ಉದ್ದಕ್ಕೂ ಬಡಿಯುತ್ತಾ ಬಂದು, "ಇದು ಪುಟ್ಟಿ, ಖಾಜಾ. ನಡನಡುವ ಸ್ವಲ್ಪ ಗಾಡಿ ಐತಿ" ಅಂದರು. ಖಾಜಾ ಅವತ್ತು ಮಿರ್ಚಿ ಮುಟ್ಟಲಿಲ್ಲ. ನನ್ನ ಸಣ್ಣ ಗಾಡಿಗೆ ಸಿಕ್ಕ ಮಾತು: "ಮಾಸ್ತರಿಗೆ ತಕ್ಕ ಗಾಡಿ. ತಪ್ಪು ಮಾಡಾಕೂ ಇದಕ್ಕ ಶಕ್ತಿ ಇಲ್ಲ." ಯಲಬುರ್ಗಾದ ಒಬ್ಬ ಅರಿವೆ ಅಂಗಡಿಯವನು ಬ್ಯಾಟರಿಯ ಕಾರು ತಂದಿದ್ದ. ಅದಕ್ಕೆ ಏನಂದರು ಎಂಬುದನ್ನು ಬರೆಯಲಾರೆ, ಅವನ ಹೆಂಡತಿಯನ್ನೂ ಸೇರಿಸಿ ಅಂದರು. ಆ ಮನುಷ್ಯ ಮತ್ತೆ ನಮ್ಮ ಕಡೆ ಮುಖ ಹಾಕಲಿಲ್ಲ.

ನಾವು ಮಾತ್ರ ಹೋಗುತ್ತಲೇ ಇದ್ದೆವು. ಯಾಕೆಂದರೆ ಅವರು ಹೇಳಿದ್ದು ಬಹುಪಾಲು ನಿಜವಿರುತ್ತಿತ್ತು, ಮತ್ತು ಪಾಳಿ ಬೇರೆಯವರದಾದಾಗ ಬಹಳ ಸೊಗಸಾಗಿರುತ್ತಿತ್ತು. ನಮ್ಮದನ್ನು ಉಂಡಾಗಿತ್ತಲ್ಲ, ಇನ್ನೊಬ್ಬರು ಉಣ್ಣುವುದನ್ನು ನೋಡುವ ಆಸೆ. ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಅವರ ಬಾಯಿಂದ ಒಳ್ಳೆಯ ಮಾತು ಕೇಳಿದ ಗಾಡಿ ಈ ಸೀಮೆಯಲ್ಲಿ ಒಂದೇ. ಕುಷ್ಟಗಿಯ ಕಡೆ ಕಲ್ಲಿನ ಕ್ವಾರಿ ಇದ್ದ ಒಬ್ಬರು ಬಹಳ ಹಿಂದೆ ಒಂದು ಸ್ಪೋರ್ಟ್ಸ್ ಸೆಡಾನ್ ತರಿಸಿದ್ದರು. ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ನೋಡಲು ಸಂಸಾರಸ್ಥರ ಕಾರು. ಓಟಕ್ಕೆ ಮಾತ್ರ ಕುದುರೆ. ಅದು ಒಮ್ಮೆ ಸೇತುವೆಗೆ ತಾಗಿ ರಿಪೇರಿಯಾದ ಮೇಲೆ, ಸರಿಯಾಗಿದೆಯೋ ಇಲ್ಲವೋ ನೋಡಲು ಸಾಹೇಬರೇ ಕೊಪ್ಪಳದಿಂದ ಕುಷ್ಟಗಿಯ ತನಕ ಓಡಿಸಿದ್ದರು. ಆ ಒಂದು ಪ್ರಯಾಣವನ್ನು ವರ್ಷಗಟ್ಟಲೆ ಹೇಳಿದರು. "ಸ್ಟೇರಿಂಗ್ ಹಿಡದ್ರ ರಸ್ತೆ ಕೈಗೆ ಹತ್ತತಿತ್ತು. ಸಣ್ಣ ಹಳ್ಳು ಬಂದ್ರೂ ಅದು ಹೇಳ್ತಿತ್ತು, ನಾ ಕೇಳ್ತಿದ್ದೆ" ಅನ್ನುವಾಗ ಅವರ ಧ್ವನಿಯೇ ಬೇರೆಯಾಗುತ್ತಿತ್ತು. ಆ ಕಾರು ತಮ್ಮದಾಗಲಿ ಎಂದು ಅವರು ಎಂದೂ ಬಾಯಿಬಿಟ್ಟು ಅನ್ನಲಿಲ್ಲ. ಕಡೆತನಕ ಹಳೆಯ ಸ್ಕೂಟರಿನಲ್ಲೇ ಓಡಾಡಿದರು. ಊರಿನ ಗಾಡಿಗಳನ್ನೆಲ್ಲ ಜರಿದವರ ಮನೆಯ ಮುಂದೆ ಕಾರೇ ಇರಲಿಲ್ಲ ಎಂಬುದನ್ನು ಬಸಣ್ಣ ಬೆನ್ನ ಹಿಂದೆ ಮಾತ್ರ ಆಡುತ್ತಿದ್ದ.

ಅವರಿಗೆ ಒಬ್ಬಳೇ ಮಗಳು, ಸುಜಾತಾ. ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರು, ಸ್ವಂತ ದವಾಖಾನೆ ಇದೆ. ನಾನು ಅವರ ಹಿಂದಿನ ಓಣಿಯವನಾದ್ದರಿಂದ ಆ ಹುಡುಗಿ ಬೆಳೆದದ್ದನ್ನು ಕಂಡಿದ್ದೇನೆ. ಸಂಜೆ ಕಟ್ಟೆಯ ಮೇಲೆ ಅಪ್ಪ ಮಗಳು ರಸ್ತೆಗೆ ಬೆನ್ನು ಮಾಡಿ ಕೂರುತ್ತಿದ್ದರು. ಗಾಡಿ ಹಾದುಹೋದರೆ ಸದ್ದಿನ ಮೇಲೆ ಯಾವುದೆಂದು ಅವಳು ಹೇಳಬೇಕು. ತಪ್ಪಿದರೆ ಒಂದು ಕುಟುಕು ಮಾತು. ಸರಿ ಹೇಳಿದರೆ ಅಪ್ಪ ಸುಮ್ಮನಿರುತ್ತಿದ್ದರು. ಆ ಕೂಸು ಅಪ್ಪನ ಮೌನವನ್ನೇ ಶಹಬ್ಬಾಸ್ ಅಂದುಕೊಂಡು ದೊಡ್ಡದಾಯಿತು. ಡಾಕ್ಟರಿ ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ಬಂದಿದೆ ಎಂದು ಪೇಢೆ ತಂದು ಕೈಗಿಟ್ಟಾಗ, "ಹಲ್ಲು ಕೀಳಾಕ ಇಷ್ಟು ಓದಬೇಕಾಗ್ತದೇನು?" ಅಂದಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಆ ಮನೆಯ ಹೊಸ್ತಿಲು ದಾಟಲೇ ಇಲ್ಲ.

ಕಳೆದ ಬೇಸಗೆಯಲ್ಲಿ ಆ ಸ್ಪೋರ್ಟ್ಸ್ ಸೆಡಾನಿನ ಹೊಸ ರೂಪ ಬಂತು. ಹೆಸರು ಅದೇ, ಉಳಿದದ್ದೆಲ್ಲ ಬೇರೆ. ಗಾಡಿ ನಮ್ಮ ಕಡೆ ಕಣ್ಣಿಗೆ ಬೀಳುವ ಮೊದಲೇ ಫೋಟೋ, ವಿಡಿಯೋಗಳು ನಮ್ಮ ಫೋನಿಗೆ ಬಂದವು. ತಿಂಗಳುಗಟ್ಟಲೆ ನಮಗೆ ಅದೇ ಮಾತು, ಅದೇ ಊಟ. ಒಬ್ಬರೂ ಮುಟ್ಟಿ ನೋಡದ ಗಾಡಿಯ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡ ಜನ ಬೇರೆಲ್ಲಾದರೂ ಇದ್ದರೆ ಅವರೂ ನಮ್ಮ ಹಾಗೆ ನಿರುದ್ಯೋಗಿಗಳೇ ಇರಬೇಕು.

"ಮುಂದಿನ ಜಾಳಗಿ ನೋಡ್ರಿ ಸಾಹೇಬ್ರ" ಎಂದು ಶುರು ಮಾಡಿದವನು ಬಸಣ್ಣ. "ಇಷ್ಟ್ ದೊಡ್ಡ ಬಾಯಿ ಯಾಕ ಇಟ್ಟಾರ? ಕೋಳಿ ನುಂಗುವಂಗ ಐತಿ."

"ಗಾಳಿ ಹೋಗಾಕಲ್ಲ, ದುಡ್ಡು ಹೋಗಾಕ" ಅಂದರು ಸಾಹೇಬರು.

ಹಿಂದಿನ ದೀಪ ಈ ತುದಿಯಿಂದ ಆ ತುದಿಗೆ ಒಂದೇ ಕೆಂಪು ಪಟ್ಟಿ. ಖಾಜಾನಿಗೆ ಅದು ಸೇರಲಿಲ್ಲ. "ಮೊದಲಿನದಕ್ಕ ಎರಡು ಕಣ್ಣಿದ್ವು ನೋಡ್ರಿ, ಹಿಂದಿಂದ ನೋಡಿದ್ರೂ ಗುರ್ತು ಸಿಗ್ತಿತ್ತು. ಈಗ ಎಲ್ಲಾ ಗಾಡಿ ಒಂದ ನಮೂನಿ. ಸೀಟ್ ಮಾತ್ರ ಛಲೋ ಹೊಲದಾರ್ರಿ. ಹೊಲಿಗಿ ಎಲ್ಲೂ ಸೊಟ್ಟ ಇಲ್ಲ."

"ಗೇರ್ ಹಾಕೋ ಕೋಲೂ ಇಲ್ಲಂತ" ಎಂದ ಬಸಣ್ಣ. "ಗುಂಡಿ ಒತ್ತಬೇಕಂತ. ಒಳಗ ಎಲ್ಲಿ ನೋಡಿದ್ರೂ ಟೀವಿ. ಸಪ್ಪಳ ಇಂಜಿನ್ನಿಂದ ಬರಂಗಿಲ್ಲಂತ್ರಿ, ಸ್ಪೀಕರ್‌ನಾಗ ಹಾಕ್ತಾರಂತ."

ಇದನ್ನು ಕೇಳಿ ಸಾಹೇಬರು ಕಪ್ಪು ಕೆಳಗಿಟ್ಟರು. "ಅಳಾಕ ಮಂದಿ ಇಲ್ಲದ ಮನ್ಯಾಗ ಅಳು ಟೇಪ್ ಹಚ್ಚಿದಂಗಾತು" ಅಂದರು.

ಮಾಡು ಹಿಂದಕ್ಕೆ ಇಳಿಜಾರಾಗಿ, ಹಿಂದಿನ ಬಾಗಿಲು ಕಿರಿದಾಗಿ, ಎತ್ತರದವರು ಒಳಗೆ ತೂರಬೇಕಾದರೆ ತಲೆ ಬಗ್ಗಿಸಬೇಕು ಎಂಬುದೂ ಚರ್ಚೆಗೆ ಬಂತು. ನನಗೆ ಆ ಇಳಿಜಾರು ಇಷ್ಟವಾಗಿತ್ತು. "ಏನರ ಅನ್ರಿ, ನನಗ ಚಂದ ಕಾಣ್ತದ" ಅಂದುಬಿಟ್ಟೆ. ಸಾಹೇಬರು ನನ್ನತ್ತ ತಿರುಗಿ, "ನಿಮಗ ಕಸದ ಗಾಡೀನೂ ಚಂದ ಕಾಣ್ತದ ಮಾಸ್ತರ, ಹಾಡು ಹಚಕೊಂಡು ಬರ್ತದಲ್ಲ" ಅಂದರು. ಬಸಣ್ಣ ನಕ್ಕ ನಗೆಗೆ ಹೋಟೆಲಿನ ನಾಯಿ ಎದ್ದು ಹೋಯಿತು. ಫೋನಿನಲ್ಲಿ ಗಾಡಿಯ ಗುಣದೋಷ ಹೇಳುವ ತರುಣರ ಬಗ್ಗೆಯೂ ಅವರಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. "ಇವರು ಗಾಡಿ ನೋಡಂಗಿಲ್ಲ. ಗಾಡ್ಯಾಗ ತಮ್ಮ ಮಾರಿ ನೋಡ್ಕೊಂತಾರ" ಅನ್ನುತ್ತಿದ್ದರು.

ಇದ್ಯಾವುದೂ ಹುಬ್ಬಳ್ಳಿಯಲ್ಲಿದ್ದ ಸುಜಾತಾಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಚಿಕ್ಕಂದಿನಿಂದ ಕೇಳಿದ ಆ ಕುಷ್ಟಗಿಯ ಪ್ರಯಾಣ, ಮತ್ತು ಆ ಕಾರಿನ ಹೆಸರು.

ಶ್ರಾವಣದ ಒಂದು ಭಾನುವಾರ ನಾವು ಕೂತಿದ್ದಾಗ ಕಡುನೀಲಿ ಬಣ್ಣದ ಗಾಡಿಯೊಂದು ಹೆದ್ದಾರಿಯಿಂದ ಇಳಿದು ಬಂದು ಹೋಟೆಲಿನ ಮುಂದೆ ನಿಂತಿತು. ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ, ಗಾಜಿನ ಕೆಳಗೆ ಕುಂಕುಮದ ಸ್ವಸ್ತಿಕ. ಫೋಟೋದಲ್ಲಿ ಬೈದು ಬೈದು ನಮಗೆ ಮನೆಯ ಗಾಡಿಯಷ್ಟೇ ಪರಿಚಯವಾಗಿಬಿಟ್ಟಿದ್ದ ಅದೇ ಹೊಸ ಸೆಡಾನ್. ಬಾಗಿಲು ತೆಗೆದು ಇಳಿದವಳು ಸುಜಾತಾ. ಪದ್ಧತಿಯನ್ನು ಅವಳು ತಾಯಿಯಿಂದ ಕೇಳಿ ತಿಳಿದುಕೊಂಡಿದ್ದಳು. ಹುಲಿಗಿಗೆ ಹೋಗಿ ಪೂಜೆ ಮಾಡಿಸಿಕೊಂಡು ಸೀದಾ ಇಲ್ಲಿಗೇ ಬಂದಿದ್ದಳು. ಎಲ್ಲರಿಗೂ ನಮಸ್ಕಾರ ಮಾಡಿ, ಅಪ್ಪನ ಮುಂದೆ ನಿಂತು ಎರಡೂ ಕೈಯಲ್ಲಿ ಚಾವಿ ಹಿಡಿದಳು.

"ಅಪ್ಪಾ, ನೀ ಹೇಳ್ತಿದ್ದ ಗಾಡೀನ ತಗೊಂಡೀನಿ. ಒಂದು ಸುತ್ತು ಹಾಕಿ ಹೇಳು."

ನಾನು ಅವಳ ಮುಖ ನೋಡಿದೆ. ನಲವತ್ತರ ಹತ್ತಿರ ಬಂದ ಹೆಂಗಸು. ಕಟ್ಟೆಯ ಮೇಲೆ ಗಾಡಿಯ ಸದ್ದು ಸರಿ ಗುರುತಿಸಿ ಅಪ್ಪನ ಕಡೆ ನೋಡುತ್ತಿದ್ದ ಆ ಹುಡುಗಿಯ ಮುಖವೇ ಅದು. ಅವಳಿಗೆ ಹೊಗಳಿಕೆ ಬೇಕಿರಲಿಲ್ಲ. ಅವರು ಸುತ್ತು ಹಾಕಿ ಬಂದು ಸುಮ್ಮನೆ ನಿಂತಿದ್ದರೂ ಅವಳು ಅದನ್ನೇ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದಳು.

ಸಾಹೇಬರು ಚಾವಿ ತೆಗೆದುಕೊಂಡು ಎದ್ದರು. ಖಾಜಾನಿಗೆ ಏನು ಬರಲಿದೆ ಎಂಬುದು ಹೊಳೆದಿರಬೇಕು. ಅವನೂ ಎದ್ದು, "ಸಾಹೇಬ್ರ, ಮಗಳ ಗಾಡಿ ಐತ್ರಿ. ಈ ಸಲ ಸುತ್ತು ಬಿಟ್ಟುಬಿಡ್ರಿ. ಹತ್ತಿ ಕುಂದರ್ರಿ, ಕುಷ್ಟಗಿ ತನಕ ಹೋಗಿ ಬರ್ರಿ" ಅಂದ.

"ಗಾಡಿಗೆ ಅಪ್ಪ ಅವ್ವ ಇರಂಗಿಲ್ಲ ಖಾಜಾ" ಎಂದು ಅವರು ಎಡಗಡೆಯ ದೀಪದ ಹತ್ತಿರ ಹೋದರು.

ಅವತ್ತಿನ ಸುತ್ತು ಎಂದಿಗಿಂತ ನಿಧಾನವಾಗಿತ್ತು. ಸಂದಿಗಳಲ್ಲಿ ಬೆರಳು ಓಡಿತು. ತಗಡು ಬಡಿದರು, ಹೊಸ ಗಾಡಿ, ಎಲ್ಲ ಕಡೆ ಒಂದೇ ಸದ್ದು. ಹಿಂದಿನ ಕೆಂಪು ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತರು. ಹೋಟೆಲಿನಲ್ಲಿ ತಿನ್ನುತ್ತಿದ್ದ ಲಾರಿಯ ಡ್ರೈವರುಗಳೂ ಎದ್ದು ಬಂದು ಸುತ್ತ ನಿಂತಿದ್ದರು. ಮಂದಿ ಕೂಡಿದ್ದನ್ನು ಸಾಹೇಬರು ನೋಡಿದರು. ಅದೇ ಕೆಟ್ಟದ್ದಾಯಿತು ಎಂದು ನಾನು ಇವತ್ತಿಗೂ ನಂಬುತ್ತೇನೆ. ಕೇಳುವ ಕಿವಿ ಹೆಚ್ಚಾದಷ್ಟೂ ಅವರ ನಾಲಿಗೆ ಹರಿತವಾಗುತ್ತಿತ್ತು. ಬಲಗಡೆಯ ದೀಪಕ್ಕೆ ಬಂದು ನಿಂತು, ಬಾನೆಟ್ಟಿನ ಮೇಲಿದ್ದ ಹಾರವನ್ನು ಒಂದು ಬೆರಳಿನಿಂದ ಎತ್ತಿ ಬಿಟ್ಟರು.

"ಹಳೇ ಗಾಡಿ ಸತ್ತದ್ದು ಗೊತ್ತಿತ್ತು" ಅಂದರು. "ಹೆಣಕ್ಕ ಮಾಲಿ ಹಾಕಿ, ಕುಂಕುಮ ಹಚ್ಚಿ, ನನ್ನ ಮುಂದ ತಂದು ನಿಲ್ಲಸ್ತಾರ ಅನ್ನೋದು ಗೊತ್ತಿರಲಿಲ್ಲ."

ಸುತ್ತ ಕೂಡಿದವರು ನಕ್ಕರು. ಮೊದಲು ಬಸಣ್ಣ, ಆಮೇಲೆ ಡ್ರೈವರುಗಳು, ಆಮೇಲೆ ನಾವೆಲ್ಲ. ಆ ಬೆಂಚಿನ ಅಭ್ಯಾಸ ಹಾಗಿತ್ತು, ಅರ್ಥವಾಗುವ ಮೊದಲೇ ನಗು ಬಂದುಬಿಡುತ್ತಿತ್ತು. ಖಾಜಾ ಒಬ್ಬನೇ ನಗಲಿಲ್ಲ.

ಸುಜಾತಾ ಅಳಲಿಲ್ಲ. ನಮಗಾಗಿ ಬಂದಿದ್ದ ಚಹಾದಲ್ಲಿ ಒಂದು ಕಪ್ಪು ಎತ್ತಿಕೊಂಡು ನಿಂತೇ ಪೂರ್ತಿ ಕುಡಿದಳು. ಕಪ್ಪು ಇಟ್ಟು ಬಾನೆಟ್ಟಿನ ಹಾರವನ್ನು ಬಿಚ್ಚಿ ಮಡಚಿ ಅಪ್ಪನ ಪಕ್ಕದ ಬೆಂಚಿನ ಮೇಲಿಟ್ಟಳು. "ಚಾವಿ ಕೊಡಪ್ಪ" ಅಂದಳು. ಅವರು ಕೊಟ್ಟರು. "ಬರ್ತೀನ್ರಿ ಎಲ್ಲಾರೂ" ಎಂದು ನಮಗೆ ಹೇಳಿ ಗಾಡಿ ಹತ್ತಿದಳು. ಹುಬ್ಬಳ್ಳಿಯ ಕಡೆ ತಿರುಗಿಸಿಕೊಂಡು ಹೋಗುವಾಗ ತಾಯಿಯನ್ನು ನೋಡಲು ಮನೆಗೂ ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು. ಸಾಹೇಬರು ಇನ್ನೊಂದು ಪ್ಲೇಟು ಮಿರ್ಚಿ ಹೇಳಿದರು. ಬಂದ ಮೇಲೆ ತಿನ್ನಲಿಲ್ಲ.

ಆ ಗಾಡಿಗೂ ಹೆಸರು ಅಂಟಿತು. ಬಸಣ್ಣ ಎರಡು ವಾರ 'ಹೆಣ' ಎಂದು ಕರೆದ. ಒಂದು ದಿನ ಖಾಜಾ ಅವನ ಕೊರಳಪಟ್ಟಿ ಹಿಡಿದ ಮೇಲೆ ನಿಲ್ಲಿಸಿದ.

ಇದಾದ ಮೇಲೆ ಸಾಹೇಬರು ಬದಲಾದರು ಎಂದು ಬರೆಯಲು ನನಗೂ ಆಸೆ. ಆದರೆ ಅವರು ಹಾಗೇ ಇದ್ದರು. ಒಂದೇ ಒಂದು ವ್ಯತ್ಯಾಸ, ಬೆಂಚಿನ ತುದಿಗೆ ಕೂತು ಆ ಗಾಡಿಯ ವಿಡಿಯೋಗಳನ್ನು ಸದ್ದು ಬಂದ್ ಮಾಡಿ ನೋಡುತ್ತಿದ್ದರು. ನಾವು ಹತ್ತಿರ ಹೋದರೆ ಫೋನು ಜೇಬಿಗೆ ಹೋಗುತ್ತಿತ್ತು. ಒಮ್ಮೆ ಖಾಜಾನನ್ನು ಕರೆದು, "ಅದರ ಸೀಟ್ ಅವತ್ತು ನೀ ಕೈಲೆ ಮುಟ್ಟಿ ನೋಡಿದೇನು? ಹೆಂಗಿತ್ತು?" ಎಂದು ಕೇಳಿದರಂತೆ. ಖಾಜಾ, "ನೀವ ಕುಂತು ನೋಡಬೇಕಿತ್ರಿ" ಎಂದು ಎದ್ದುಬಂದನಂತೆ.

ಸಾಹೇಬರ ಹೆಂಡತಿ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಮುಂದೆ ಅತ್ತರು. "ಆಕಿ ಮನಿ ಕಡೆ ಬರಂಗಿಲ್ಲವಾ. ಫೋನಿನ್ಯಾಗ ನನ್ನ ಕೂಡ ಮಾತಾಡ್ತಾಳ, ಅಪ್ಪನ ಸುದ್ದಿ ತಗದ್ರ ಇಟ್ಟುಬಿಡ್ತಾಳ. ಒಂದು ಸಲ ಛಲೋ ಐತಿ ಅಂದಿದ್ರ ಇವರ ಗಂಟೇನು ಹೋಗ್ತಿತ್ತು?" ಅಂದರು. ಅಡಿಗೆಮನೆಯಿಂದ ಅದು ನನಗೂ ಕೇಳಿಸಿತು. ಮಾರನೆಯ ಭಾನುವಾರ ಧೈರ್ಯ ಮಾಡಿದೆ.

"ಸಾಹೇಬ್ರ, ಮಗಳಿಗೆ ನೀವೇ ಒಂದು ಫೋನ್ ಮಾಡ್ರಿ."

"ಏನಂತ ಮಾಡ್ಲಿ ಮಾಸ್ತರ? ನನ್ನ ಅಭಿಪ್ರಾಯ ಬದಲಾಗಿಲ್ಲ."

"ಗಾಡಿ ಸುದ್ದಿ ಬ್ಯಾಡ್ರಿ. ಊಟ ಆತೇನು ಅಂತ ಕೇಳ್ರಿ, ಸಾಕು."

ಅವರು ನನ್ನನ್ನು ನೋಡಿದ ನೋಟ ನೆನಪಿದೆ. ಊಟವಾಯಿತೇ ಎಂದು ಒಬ್ಬರನ್ನು ಕೇಳುವುದು ಹೇಗೆಂದು ನಿಜಕ್ಕೂ ಗೊತ್ತಿಲ್ಲದ ಮನುಷ್ಯನ ನೋಟ. ಆ ಕ್ಷಣ ಅವರ ಮೇಲೆ ನನಗೆ ಮರುಕ ಬಂತು, ಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟೂ ಬಂತು. ಜೀವಮಾನವಿಡೀ ಊರ ಮಂದಿಯನ್ನು ಚುಚ್ಚಿದವರಿಗೆ ಎರಡು ಮೆತ್ತನೆಯ ಶಬ್ದ ಬರುವುದಿಲ್ಲ ಎಂದರೆ ಯಾರು ನಂಬಬೇಕು? ನಾನು ಮತ್ತೆ ಆ ವಿಷಯ ಎತ್ತಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಸ್ಕೂಟರ್ ಹೊರಗೆ ತೆಗೆಯುತ್ತಿದ್ದವರು ಅಂಗಳದಲ್ಲಿ ಕುಸಿದರು. ಲಕ್ವ. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆ ಜಾರಿತು, ಮಾತು ನಿಂತಿತು. ಸುದ್ದಿ ತಿಳಿದಾಗ ಬಸಣ್ಣ ನನ್ನ ಕಿವಿಯಲ್ಲಿ, "ದೇವರು ಸರಿಯಾದ ಪಾರ್ಟೇ ನೋಡಿ ಬಿಚ್ಯಾನ" ಅಂದ. ಪಾಪದ ಮಾತು. ಸಾಹೇಬರೇ ಕೇಳಿದ್ದರೆ ಮೆಚ್ಚುತ್ತಿದ್ದರು, ಮೆಚ್ಚಿದೆನೆಂದು ಹೇಳುತ್ತಿರಲಿಲ್ಲ.

ಊರಿನ ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಜೀವಕ್ಕೆ ಸದ್ಯ ಭಯವಿಲ್ಲ, ಇನ್ನು ದೊಡ್ಡ ಊರಿನಲ್ಲಿ ತೋರಿಸಿರಿ ಎಂದು ಮನೆಗೆ ಕಳಿಸಿದರು. ಕರೆದೊಯ್ಯಲು ಸುಜಾತಾ ಬಂದಳು. ಅದೇ ಗಾಡಿಯಲ್ಲಿ ಬಂದಳು. ಅವಳ ಬಳಿ ಬೇರೆ ಗಾಡಿ ಇರಲಿಲ್ಲ ನಿಜ, ಆದರೆ ಬಾಡಿಗೆಗೆ ಬೇರೆ ಸಿಗುತ್ತಿರಲಿಲ್ಲವೇ ಎಂದು ನಾನು ಆಮೇಲೆ ಯೋಚಿಸಿದ್ದೇನೆ.

ಅವರನ್ನು ಎತ್ತಲು ಖಾಜಾ, ಬಸಣ್ಣ, ನಾನು ಹೋಗಿದ್ದೆವು. ಮೊದಲು ಹಿಂದಿನ ಸೀಟಿನಲ್ಲಿ ಮಲಗಿಸಲು ನೋಡಿದೆವು. ಬಾಗಿಲು ಕಿರಿದು, ಮಾಡು ತಗ್ಗು. ಎತ್ತರದ ಆಳು, ಒಂದು ಪಕ್ಕ ಸತ್ತಂತಿರುವ ಮೈ. ಒಳಗೆ ತೂರಿಸುವಾಗ ತಲೆ ಮೇಲಿನ ಅಂಚಿಗೆ ತಾಗಿತು. ಅವರ ಕಣ್ಣು ತೆರೆದಿದ್ದವು. ಆ ಕಣ್ಣಿನಲ್ಲಿ ಒಂದು ಮಾತು ಸಿದ್ಧವಾದದ್ದು, ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ಉಳಿದದ್ದು ನಮಗೆ ಮೂವರಿಗೂ ಕಾಣಿಸಿತು.

"ಹಿಂದ ಬ್ಯಾಡ್ರಿ, ನನ್ನ ಬಾಜೂಕ ಕುಂದ್ರಸ್ರಿ" ಅಂದಳು ಸುಜಾತಾ.

ಮುಂದಿನ ಸೀಟನ್ನು ಹಿಂದಕ್ಕೆ ವಾಲಿಸಿ ಕೂರಿಸಿದೆವು. ಖಾಜಾ ಬೆಲ್ಟು ಹಾಕಿ, ಸೊಂಟಕ್ಕೆ ಒಂದು ದಿಂಬು ಕೊಟ್ಟು, ಅವರ ಎಡಗೈಯನ್ನು ಸೀಟಿನ ಅಂಚಿನ ಹೊಲಿಗೆಯ ಮೇಲಿಟ್ಟ. ಬೇಕೆಂದೇ ಇಟ್ಟನೋ, ತಾನಾಗಿ ಅಲ್ಲಿ ಬಿತ್ತೋ ಕೇಳಲಿಲ್ಲ. ತಾಯಿ ಚೀಲಗಳ ಜೊತೆ ಹಿಂದೆ ಕೂತರು. ಸುಜಾತಾ ಸ್ಟೇರಿಂಗ್ ಹಿಡಿದು ಕೂತಳು. ಗಾಡಿ ಚಾಲು ಮಾಡಲಿಲ್ಲ. ಅವಳ ಕಡೆಯ ಗಾಜು ಇಳಿದಿತ್ತು. ನಾವು ಬೀಳ್ಕೊಡಲು ಆ ಪಕ್ಕವೇ ನಿಂತಿದ್ದೆವು. ಅವಳು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಈಗ ಒಳಗ ಕುಂತೀದಿ. ಹೇಳು. ಗಾಡಿ ಛಲೋ ಐತೇನು?"

"ಈಗ ಅದ್ಯಾಕ ಸುಜೀ" ಎಂದು ಹಿಂದಿನಿಂದ ತಾಯಿ ಅಂದರು. ಅವಳು ತಾಯಿಯ ಕಡೆ ನೋಡಲಿಲ್ಲ. ಕಾಯುತ್ತಿದ್ದಳು.

ಸಾಹೇಬರು ತಲೆ ಆಡಿಸಿದರು. ಹೌದು ಎಂದು ಆಡಿಸಿದರು, ಅದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಜಾರಿದ ಬಾಯಿಯಿಂದ ಜೊಲ್ಲು ಅಂಗಿಯ ಮೇಲೆ ಇಳಿಯಿತು. ಮಗಳು ನೋಡಲಿಲ್ಲವೇನೋ ಎಂಬಂತೆ ಮತ್ತೆ ಆಡಿಸಿದರು. ಎಡಗೈಯಿಂದ ಅವಳ ತೋಳು ಹಿಡಿದು, ಕಣ್ಣು ತುಂಬಿಕೊಂಡು, ಮತ್ತೆ ಮತ್ತೆ ಆಡಿಸಿದರು. ಖಾಜಾ ಮುಖ ತಿರುಗಿಸಿದ. ಆಯಿತು, ಕಡೆಗೂ ಆಯಿತು ಎಂದುಕೊಂಡೆ.

ಸುಜಾತಾ ಕರವಸ್ತ್ರ ತೆಗೆದು ಅಪ್ಪನ ಬಾಯಿ ಒರೆಸಿದಳು. ಡಾಕ್ಟರು ಒರೆಸುವ ಹಾಗೆ, ಚೆನ್ನಾಗಿ ಒರೆಸಿದಳು. ತೋಳಿನ ಮೇಲಿದ್ದ ಅವರ ಕೈಯನ್ನು ಎತ್ತಿ ಅವರ ತೊಡೆಯ ಮೇಲಿಟ್ಟಳು.

"ಬಾಯಿ ಇದ್ದಾಗ ಅನಬೇಕಿತ್ತಪ್ಪ" ಅಂದಳು.

ಗುಂಡಿ ಒತ್ತಿದಳು. ಗಾಡಿ ಸದ್ದಿಲ್ಲದೆ ಚಾಲಾಯಿತು, ಗಾಜು ಮೇಲೇರಿತು. ಓಣಿಯ ತುದಿಯಲ್ಲಿ ಗಾಡಿ ಹುಬ್ಬಳ್ಳಿಯ ರಸ್ತೆಗೆ ತಿರುಗುವವರೆಗೂ ಆ ಗಾಜಿನ ಹಿಂದೆ ಅವರು ಹೌದು, ಹೌದು ಎಂದು ತಲೆ ಆಡಿಸುತ್ತಲೇ ಇದ್ದರು. ಅವಳು ರಸ್ತೆ ನೋಡುತ್ತಿದ್ದಳು.